ಕೊನೆ ಎಪಿಸೋಡ್ ಬೈಯೋದು ಸರಿ, ಆದ್ರೆ ಕಥೆ ಕೆಟ್ಟಿದ್ದು ಎಲ್ಲಿ? (ಸ್ಟ್ರೇಂಜರ್ ಥಿಂಗ್ಸ್, ಸೆವೆರೆನ್ಸ್, ಬೆಟರ್ ಕಾಲ್ ಸಾಲ್... ಸ್ಪಾಯ್ಲರ್ ಇದೆ)

ತಡರಾತ್ರಿ ವೀಕ್ಷಕ

ಇಲ್ಲಿ ಎಲ್ಲದರ ಸ್ಪಾಯ್ಲರ್ ಇದೆ. ನೋಡದೇ ಇರೋರು ದಯವಿಟ್ಟು ಇಲ್ಲಿಂದಲೇ ವಾಪಸ್ ಹೋಗಿ.

ಇನ್ನೊಂದು ಲೋಕದ ರಾಕ್ಷಸರ ಜೊತೆ ಹೋರಾಡೋ ಹುಡುಗರ ಸರಣಿ ಸ್ಟ್ರೇಂಜರ್ ಥಿಂಗ್ಸ್ ಮುಗಿದಾಗಿನಿಂದ ಎಲ್ಲ ಕಡೆ ಒಂದೇ ಮಾತು, ಕೊನೆ ಎಪಿಸೋಡಲ್ಲಿ ಹಾಳು ಮಾಡಿಬಿಟ್ರು ಅಂತ. ನಾನು ಒಪ್ಪಲ್ಲ. ಆ ಎಪಿಸೋಡ್‌ನ ಕಡೇ ಭಾಗ ನನಗೆ ಬಹಳ ಹಿಡಿಸ್ತು. ಗೆಳೆಯರೆಲ್ಲ ಮೈಕ್ ವೀಲರ್ ಮನೆ ನೆಲಮಾಳಿಗೇಲಿ ಕೊನೇ ಸಲ ತಮ್ಮ ಡಂಜನ್ಸ್ ಅಂಡ್ ಡ್ರಾಗನ್ಸ್ ಆಟ ಆಡಿ, ಒಬ್ಬೊಬ್ಬರೇ ತಮ್ಮ ಫೈಲ್ ಶೆಲ್ಫಲ್ಲಿಟ್ಟು ಮೆಟ್ಟಿಲು ಹತ್ತಿ ಹೋಗ್ತಾರೆ. ಹಿಂದೇನೇ ಮೈಕ್ ತಂಗಿ ಹಾಲಿ ಮತ್ತೆ ಅವಳ ಗೆಳೆಯರು ದಡದಡ ಇಳಿದು ಬಂದು ಅದೇ ಟೇಬಲ್‌ಗೆ ಕೂರ್ತಾರೆ. 2016ರಲ್ಲಿ ಶುರುವಾದ ಕಥೆಗೆ ಇದಕ್ಕಿಂತ ಒಳ್ಳೇ ಮುಕ್ತಾಯ ನನಗಂತೂ ತೋಚಲ್ಲ.

ಕೆಟ್ಟಿದ್ದು ಅದಕ್ಕೂ ಮೊದಲು. ಕಥೆ ಒಳಗೆ 1983ರಿಂದ 1987, ಅಂದ್ರೆ ನಾಲ್ಕೇ ವರ್ಷ. ಹೊರಗೆ ಒಂಬತ್ತು ವರ್ಷ ದಾಟಿತ್ತು. ನಾಲ್ಕನೇ ಸೀಸನ್ 2022ರಲ್ಲಿ ಬಂತು, ಐದನೇದು ಶುರುವಾಗಿದ್ದು 2025ರ ನವೆಂಬರ್‌ನಲ್ಲಿ. ನಡುವೆ ಹಾಲಿವುಡ್ ಮುಷ್ಕರಾನೂ ಬಂತು, ನಿಜ. ಆದ್ರೆ ಅಷ್ಟು ಕಾಯಿಸಿದ ಮೇಲೆ ಎಂಟೇ ಎಪಿಸೋಡಲ್ಲಿ ಅಷ್ಟೂ ಪಾತ್ರಕ್ಕೂ ಒಂದು ಕಣ್ಣೀರಿನ ದೃಶ್ಯ, ಒಂದು ಸಾಹಸದ ದೃಶ್ಯ ಹಂಚೋಕೆ ಹೋದ್ರು. ಎಲ್ಲರೂ ಸುತ್ತ ನಿಂತ್ಕೊಳ್ಳೋದು, ಯಾರೋ ಒಬ್ಬ ಕೈಗೆ ಸಿಕ್ಕ ಸಾಮಾನು ಟೇಬಲ್ ಮೇಲಿಟ್ಟು ಪ್ಲಾನ್ ವಿವರಿಸೋದು, ಆಮೇಲೆ ಓಡೋದು. ಇದು ಆ ಸೀಸನ್ನಲ್ಲಿ ಎಷ್ಟು ಸಲ ಬರುತ್ತೆ ನೋಡಿ.

ನನ್ನ ವಾದ ಇಷ್ಟೇ. ಬರೆಯೋರಿಗೆ ಇನ್ನೆಷ್ಟು ಎಪಿಸೋಡ್ ಉಳಿದಿದೆ ಅಂತ ಸಾಕಷ್ಟು ಮೊದಲೇ ಗೊತ್ತಿದ್ದು, ಆ ಲೆಕ್ಕ ಕಥೆಯ ಗಾತ್ರಕ್ಕೆ ಸರಿಹೊಂದಿದ್ರೆ ಅಂತ್ಯ ಚೆನ್ನಾಗಿ ಬರುತ್ತೆ. ಇಲ್ಲದಿದ್ರೆ ಎಂಥ ಬರಹಗಾರ ಆದ್ರೂ ಎಡವ್ತಾನೆ. ಇತ್ತೀಚೆಗೆ ಸರಿಯಾಗಿ ಮುಗಿದಿದ್ದು ಯಾವುದು, ಕೆಟ್ಟಿದ್ದು ಎಲ್ಲಿಂದ ಕೆಡ್ತು, ಹೇಳಿ.

ಮಲ್ನಾಡ್ ಮಳೆ

ಮುಕ್ತಾಯ ಚೆನ್ನಾಗಿತ್ತು, ಒಪ್ಪಿದೆ. ಆದ್ರೆ ಅದಕ್ಕೂ ಮುಂಚಿನ ಯುದ್ಧ? ಖಳನಾಯಕ ವೆಕ್ನಾನ ಸ್ವಂತ ಲೋಕಕ್ಕೇ ನುಗ್ತಾರೆ, ಅಲ್ಲಿ ಒಂದೇ ಒಂದು ಡೆಮೊಗಾರ್ಗನ್ ರಾಕ್ಷಸ ಇಲ್ಲ. ಐದು ಸೀಸನ್ ನಮ್ಮನ್ನ ಹೆದರಿಸಿದ್ದು ಅವುಗಳಿಂದಲೇ ಅಲ್ವಾ? ಇನ್ನು ಸೇನೆಯವರು. ಅವರ ಮುಖ್ಯಸ್ಥೆ ಡಾಕ್ಟರ್ ಕೇ ಅಷ್ಟು ಜನರನ್ನ ಬಳಸಿ ಊರಿಗೇ ಬೇಲಿ ಹಾಕಿದವಳು. ಹುಡುಗರನ್ನ ಹಿಡಿದೂ ಆಯ್ತು. ಮುಂದಿನ ದೃಶ್ಯದಲ್ಲಿ ಹದಿನೆಂಟು ತಿಂಗಳು ಕಳೆದು ಎಲ್ಲರೂ ಪದವಿ ಸಮಾರಂಭದಲ್ಲಿ ಕೂತಿದ್ದಾರೆ! ಬಿಟ್ಟಿದ್ದು ಯಾಕೆ, ಹೇಗೆ? ಒಂದು ಸಾಲಿನ ಮಾತಾದ್ರೂ ಬೇಡ್ವಾ?

ಕುಡ್ಲದ ಕೂಸು

ವಿಶೇಷ ಶಕ್ತಿಯ ಆ ಹುಡುಗಿ ಇಲೆವೆನ್ ಸತ್ತಿಲ್ಲ, ಬದುಕಿದ್ದಾಳೆ. ಇದರ ಬಗ್ಗೆ ನನ್ನ ಹತ್ರ ಯಾರೂ ವಾದಕ್ಕೆ ಬರುವುದು ಬೇಡ.

ಒಂಟಿಕೊಪ್ಪಲ್ ಒಬ್ಬ

@ಕುಡ್ಲದ ಕೂಸು, ಅದು ಮೈಕ್ ಹೇಳೋ ಕಥೆ ಅಷ್ಟೆ. ಅವನಿಗೂ ಗೊತ್ತಿಲ್ಲ, ನಂಬ್ತೀನಿ ಅಂತಾನೆ. ಬರೆದವರು ಎರಡೂ ಬಾಗಿಲು ತೆರೆದಿಟ್ಟು ಜಾರ್ಕೊಂಡಿದ್ದಾರೆ. ಸಾಯಿಸೋ ಧೈರ್ಯ ಇಲ್ಲ, ಉಳಿಸೋ ಧೈರ್ಯಾನೂ ಇಲ್ಲ.

ಕುಡ್ಲದ ಕೂಸು

ಜಾರಿದ್ದಲ್ಲ ಮಾರಾಯ್ರೆ. ಅವಳು ಬದುಕಿದ್ದಾಳೆ ಅಂತ ಗೊತ್ತಾದ್ರೆ ಸರ್ಕಾರದವರು ಪುನಃ ಹುಡುಕಿಕೊಂಡು ಬರ್ತಾರೆ. ಹಾಗಾಗಿ ಗೆಳೆಯರಿಗೂ ಖಚಿತವಾಗಿ ಗೊತ್ತಿರಬಾರದು. ನಮಗೂ ಅವರಷ್ಟೇ ಗೊತ್ತಿರುವುದು. ಅದರಲ್ಲೇ ಆ ದೃಶ್ಯದ ತೂಕ ಇರುವುದು. ಮೈಕ್ ಆ ಕಥೆ ಹೇಳುವಾಗ ಉಳಿದವರ ಮುಖ ನೋಡಿದ್ದೀರಾ? ಒಬ್ಬೊಬ್ಬರಾಗಿ "ನಾನು ನಂಬ್ತೇನೆ" ಅಂತ ಹೇಳುವುದು ನೋಡಿ ನಾನು ಅತ್ತಿದ್ದೇನೆ.

ಧಾರವಾಡ ಪೇಢಾ

ನನಗ ಸಿಟ್ಟು ಬಂದಿದ್ದು ಬ್ಯಾರೇ ಕಾರಣಕ್ಕರೀ. ಹೆನ್ರಿ, ಅಂದ್ರ ವೆಕ್ನಾ, ಸಣ್ಣಾಂವ ಇದ್ದಾಗ ಗುಹೆದಾಗ ಏನಾತು, ಆ ಪೆಟಿಗ್ಯಾಗಿನ ಕಲ್ಲು ಎಲ್ಲಿಂದ ಬಂತು, ಇದು ಪೂರಾ ತಿಳೀಬೇಕಂದ್ರ ಲಂಡನ್ ಮತ್ತ ನ್ಯೂಯಾರ್ಕಿನ್ಯಾಗ ನಡಿಯೋ ನಾಟಕ ನೋಡಿರಬೇಕಂತ. ಧಾರವಾಡದಾಗ ಕುಂತು ಒಂಬತ್ತು ವರ್ಷ ನೋಡಿದಾಂವ ಏನು ಮಾಡಬೇಕ್ರೀ? ಮುಖ್ಯ ಖಳನಾಯಕನ ಹುಟ್ಟು ಕಥಿ ಸರಣಿಯೊಳಗ ಇರಬೇಕು. ನಾಟಕ ನೋಡಿದವರಿಗೆ ಹೆಚ್ಚಿನ ಖುಷಿ ಸಿಗಲಿ, ಬ್ಯಾಡ ಅನ್ನಂಗಿಲ್ಲ. ನೋಡದವರಿಗೆ ಕಥಿ ಅರ್ಧಮರ್ಧ ಆಗಬಾರದು.

ನ್ಯೂಜೆರ್ಸಿ ಕನ್ನಡಿಗ

ಇಲ್ಲಿ ಕೊನೆ ಎಪಿಸೋಡನ್ನ ಡಿಸೆಂಬರ್ 31ಕ್ಕೆ ಥಿಯೇಟರ್‌ನಲ್ಲೂ ಹಾಕಿದ್ರು. ನಾನು ಮಗಳ ಜೊತೆ ಹೋಗಿದ್ದೆ. ವೆಕ್ನಾನ ಮೇಲೆ ಜಾಯ್ಸ್ ಕೊಡಲಿ ಎತ್ತಿದಾಗ ಇಡೀ ಹಾಲ್ ಎದ್ದು ನಿಂತು ಕೂಗ್ತು. ಒಂದನೇ ಸೀಸನ್ನಲ್ಲಿ ಗೋಡೆಗೆ ದೀಪದ ಸರ ಹಾಕ್ಕೊಂಡು ಮಗನ ಜೊತೆ ಮಾತಾಡಿದ ತಾಯಿ ಅವಳು. ಕೊನೆ ಏಟು ಅವಳದ್ದೇ ಆಗಬೇಕಿತ್ತು. ಡೆಮೊಗಾರ್ಗನ್ ಇತ್ತೋ ಇಲ್ವೋ ಅಂತ ಆ ಹೊತ್ತಲ್ಲಿ ಯಾರಿಗೂ ನೆನಪಾಗಲಿಲ್ಲ.

ಪಿಕ್ಸೆಲ್ ಪಾಂಡು

ನಮಗೆ ಜನವರಿ 1ರ ಬೆಳಗ್ಗೆ ಆರೂವರೆಗೆ ಬಂತು. ಹೊಸ ವರ್ಷದ ಪಾರ್ಟಿ ಬಿಟ್ಟು ಬೇಗ ಮಲಗಿ ಎದ್ದು ನೋಡಿದವರು ಇಲ್ಲಿ ಎಷ್ಟು ಜನ?

ಮಲ್ನಾಡ್ ಮಳೆ

ನಾನಿದ್ದೀನಿ.

ಹಾವೇರಿ ಹುಡುಗ

ಜನವರಿ 7ಕ್ಕೆ ಗುಟ್ಟಾಗಿ ಒಂಬತ್ತನೇ ಎಪಿಸೋಡ್ ಬಿಡ್ತಾರೆ ಅಂತ ಜಗತ್ತಿನ ತುಂಬ ನಂಬಿದ್ರಲ್ಲ, ನಮ್ಮ ಆಫೀಸಲ್ಲೂ ಒಂದು ಗುಂಪು ನಂಬಿತ್ತು. ಪದವಿ ಸಮಾರಂಭದ ಗೌನ್ ಬಣ್ಣ, ಕೈ ಕಟ್ಕೊಂಡು ಕೂತ ರೀತಿ, ಎಲ್ಲಾನೂ ಸಾಕ್ಷಿ ಅಂತ ತೋರಿಸ್ತಿದ್ರು. ಏನೂ ಬರಲಿಲ್ಲ. ಜನಕ್ಕೆ ಮುಗಿದಿದ್ದನ್ನ ಮುಗೀತು ಅಂತ ಒಪ್ಕೊಳ್ಳೋಕೆ ಅಷ್ಟು ಕಷ್ಟ ಆಗಿತ್ತು ಅಂದ್ರೆ ಅಂತ್ಯದಲ್ಲಿ ಏನೋ ಕೊರತೆ ಇತ್ತು ಅಂತಲೇ ಅರ್ಥ.

ಕಪ್ಪು ಬಿಳುಪು

ವಿಷಯಕ್ಕೆ ಬರೋಣ. ಇತ್ತೀಚಿನ ವರ್ಷಗಳಲ್ಲಿ ಅತ್ಯುತ್ತಮ ಅಂತ್ಯ ಬೆಟರ್ ಕಾಲ್ ಸಾಲ್‌ದು. ಇದರಲ್ಲಿ ನನಗೆ ಯಾವ ಅನುಮಾನವೂ ಇಲ್ಲ.

2022ರ ಆಗಸ್ಟ್ 15, ಅರವತ್ತಮೂರನೇ ಎಪಿಸೋಡ್. ಸಿಕ್ಕಿಬಿದ್ದ ವಂಚಕ ವಕೀಲ ಸಾಲ್ ಗುಡ್‌ಮನ್ ಸರ್ಕಾರಿ ವಕೀಲರ ಎದುರು ಕೂತು ಮಾತಿನಲ್ಲೇ ಶಿಕ್ಷೇನ ಏಳೂವರೆ ವರ್ಷಕ್ಕೆ ಇಳಿಸ್ತಾನೆ. ಅದರ ಮೇಲೆ ಪ್ರತಿ ಶುಕ್ರವಾರ ಮಿಂಟ್ ಚಾಕೊಲೇಟ್ ಚಿಪ್ ಐಸ್‌ಕ್ರೀಮ್ ಬೇರೆ ಕೇಳ್ತಾನೆ. ಗೆದ್ದೇ ಬಿಟ್ಟ ಅನ್ನುವಾಗ ಅವನ ಮಾಜಿ ಹೆಂಡತಿ ಕಿಮ್ ನ್ಯಾಯಾಲಯಕ್ಕೆ ಬಂದು ಹಿಂದೆ ಕೂರ್ತಾಳೆ. ಅಲ್ಲಿ ಅವನು ಗೆದ್ದದ್ದನ್ನೆಲ್ಲ ಬಿಸಾಕಿ ತಾನು ಮಾಡಿದ್ದನ್ನ ಒಂದೊಂದಾಗಿ ಒಪ್ಕೊತಾನೆ. ಏಳೂವರೆ ಹೋಗಿ ಎಂಬತ್ತಾರು ವರ್ಷ. ಆಮೇಲೆ ಅವಳು ತನ್ನ ಹಳೇ ವಕೀಲಿ ಕಾರ್ಡ್ ತೋರಿಸಿ ಜೈಲಿನೊಳಗೆ ಬರ್ತಾಳೆ, ಅದರಲ್ಲಿ ಅವಧಿ ಮುಗಿಯೋ ತಾರೀಕೇ ಇಲ್ಲ. ಇಬ್ಬರೂ ಗೋಡೆಗೊರಗಿ ಒಂದೇ ಸಿಗರೇಟ್ ಹಂಚ್ಕೊತಾರೆ. ಇಡೀ ದೃಶ್ಯ ಕಪ್ಪು ಬಿಳುಪು, ಬೆಂಕಿಗೆ ಮಾತ್ರ ಬಣ್ಣ. ಮೊದಲ ಎಪಿಸೋಡಲ್ಲೂ ಇಬ್ಬರೂ ಗೋಡೆಗೊರಗಿ ಹೀಗೇ ಸಿಗರೇಟ್ ಹಂಚ್ಕೊಂಡಿದ್ರು.

ಇಂಥ ಸರಣಿಗೆ ಅಮೆರಿಕದ ಟೀವಿ ಪ್ರಶಸ್ತಿ ಎಮ್ಮಿಯಲ್ಲಿ 53 ನಾಮನಿರ್ದೇಶನ, ಒಂದೂ ಪ್ರಶಸ್ತಿ ಇಲ್ಲ. ಅದು ಎಮ್ಮಿಯವರಿಗೇ ಅವಮಾನ.

ಒಂಟಿಕೊಪ್ಪಲ್ ಒಬ್ಬ

ಬೆಟರ್ ಕಾಲ್ ಸಾಲ್ ಬಗ್ಗೆ ಎರಡು ಮಾತಿಲ್ಲ. ಆದ್ರೆ ಮೂಲ ಪೋಸ್ಟ್‌ನ ವಾದಕ್ಕೆ ನನ್ನ ತಕರಾರಿದೆ. ಅದನ್ನ ಮಾಡಿದ ಅದೇ ವಿನ್ಸ್ ಗಿಲಿಗನ್ ಬ್ರೇಕಿಂಗ್ ಬ್ಯಾಡ್ ಮಾಡುವಾಗ ಐದನೇ ಸೀಸನ್ ಶುರುವಿನಲ್ಲಿ ನಾಯಕ ವಾಲ್ಟರ್ ಕಾರಿನ ಡಿಕ್ಕಿಯಲ್ಲಿ ಮೆಷಿನ್‌ಗನ್ ತೋರಿಸಿದ್ರು. ಅದನ್ನ ಯಾಕೆ ಬಳಸ್ತೀವಿ ಅಂತ ಬರೆಯೋರಿಗೇ ಆಗ ಗೊತ್ತಿರಲಿಲ್ಲ, ಅವರೇ ಹೇಳಿದ್ದಾರೆ. ಹಾಗಿದ್ರೂ ಅಂತ್ಯ ಅದ್ಭುತವಾಗಿ ಬಂತಲ್ಲ? ಮೊದಲೇ ಗೊತ್ತಿರಬೇಕು ಅನ್ನೋ ನಿಯಮ ಎಲ್ಲಿ ಉಳೀತು?

ತಡರಾತ್ರಿ ವೀಕ್ಷಕ

ಒಳ್ಳೇ ಉದಾಹರಣೆ ಕೊಟ್ರಿ, ಅದು ನನ್ನ ಕಡೆಗೇ ಬರುತ್ತೆ! ಕಥೆ ಮೊದಲೇ ಗೊತ್ತಿರಬೇಕು ಅಂತ ನಾನು ಹೇಳಿಲ್ಲ. ಎಷ್ಟು ಜಾಗ ಉಳಿದಿದೆ ಅನ್ನೋದು ಗೊತ್ತಿರಬೇಕು ಅಂದೆ. ಕೊನೇ ಸೀಸನ್‌ಗೆ ಹದಿನಾರು ಎಪಿಸೋಡ್ ಅಂತ 2011ರಲ್ಲೇ ತೀರ್ಮಾನ ಆಗಿತ್ತು. ಮೆಷಿನ್‌ಗನ್‌ಗೆ ಕೆಲಸ ಹುಡುಕೋಕೆ ಅವರಿಗೆ ಅಷ್ಟು ಜಾಗ ಇತ್ತು.

ವಿಮಾನ ಬಿದ್ದು ದ್ವೀಪದಲ್ಲಿ ಸಿಕ್ಕಿಕೊಂಡವರ ಕಥೆ, ಲಾಸ್ಟ್ ನೋಡಿ. ಎಲ್ಲಿಗೂ ಹೋಗ್ತಾ ಇಲ್ಲ ಅಂತ ಮೂರನೇ ಸೀಸನ್ನಲ್ಲಿ ಎಲ್ಲರೂ ಬೈತಿದ್ರು. 2007ರ ಮೇ ತಿಂಗಳಲ್ಲಿ ಚಾನೆಲ್‌ನವರು ಇನ್ನು ಮೂರು ಸೀಸನ್, 2010ಕ್ಕೆ ಮುಗೀತದೆ ಅಂತ ಘೋಷಿಸಿದ್ರು. ನಾಲ್ಕನೇ ಸೀಸನ್ನಿನ ಓಟ ನೋಡಿ, ಬೇರೆ ಸರಣಿ ಥರಾನೇ ಇದೆ.

ಹಾವೇರಿ ಹುಡುಗ

ಲಾಸ್ಟ್ ಅಂತ್ಯ ಚೆನ್ನಾಗಿದೆ ಅಂತೀರಾ? ಮೊದಲಿಂದಲೂ ಎಲ್ಲರೂ ಸತ್ತೇ ಹೋಗಿದ್ರು ಅಂತ ತೋರಿಸಿದ್ದು ಮೋಸ ಅಲ್ವಾ?

ಕಪ್ಪು ಬಿಳುಪು

ಇಲ್ಲ, ಇಲ್ಲ, ಇಲ್ಲ. 2010ರಿಂದ ಇದನ್ನ ಕೇಳ್ತಾ ಬಂದಿದ್ದೀನಿ. ದ್ವೀಪದಲ್ಲಿ ನಡೆದಿದ್ದೆಲ್ಲ ನಿಜ. ಚರ್ಚ್‌ನಲ್ಲಿ ನಾಯಕ ಜ್ಯಾಕ್‌ನ ಅಪ್ಪ ಅದನ್ನೇ ಬಿಡಿಸಿ ಹೇಳ್ತಾರೆ: ನಿನಗೆ ಆದದ್ದೆಲ್ಲ ನಿಜ, ಕೆಲವರು ನಿನಗಿಂತ ಮೊದಲು ಸತ್ರು, ಕೆಲವರು ಎಷ್ಟೋ ಕಾಲದ ಮೇಲೆ ಸತ್ರು ಅಂತ. ಆರನೇ ಸೀಸನ್ನಲ್ಲಿ ಪಕ್ಕದಲ್ಲಿ ಓಡ್ತಿದ್ದ ಇನ್ನೊಂದು ಬದುಕು ಮಾತ್ರ ಸಾವಿನ ನಂತರದ್ದು. ಕೊನೆಗೆ ಖಾಲಿ ದಡದಲ್ಲಿ ವಿಮಾನದ ಅವಶೇಷ ತೋರಿಸಿದ್ದನ್ನ ನೋಡಿ ಜನ ತಪ್ಪು ತಿಳ್ಕೊಂಡ್ರು.

ಹಾವೇರಿ ಹುಡುಗ

ಅಷ್ಟು ಜನ ತಪ್ಪು ತಿಳ್ಕೊಂಡ್ರು ಅಂದ್ರೆ ಹೇಳಿದ ರೀತಿ ಸರಿ ಇಲ್ಲ ಅಂತಾನೂ ಆಗುತ್ತಲ್ಲ ಅಣ್ಣಾ.

ಮಲ್ನಾಡ್ ಮಳೆ

ಗೇಮ್ ಆಫ್ ಥ್ರೋನ್ಸ್ ಹೆಸರು ಇನ್ನೂ ಯಾರೂ ಎತ್ತಿಲ್ಲ. ಗಾಯ ಇನ್ನೂ ಆರಿಲ್ಲ ಅನ್ಸುತ್ತೆ.

ತಡರಾತ್ರಿ ವೀಕ್ಷಕ

ನನ್ನ ವಾದಕ್ಕೆ ಅದಕ್ಕಿಂತ ದೊಡ್ಡ ಸಾಕ್ಷಿ ಬೇಕಾ? ಮೊದಲ ಆರು ಸೀಸನ್ ಹತ್ತತ್ತು ಎಪಿಸೋಡ್, ಏಳನೇದು ಏಳು, ಎಂಟನೇದು ಆರು. ಚಾನೆಲ್‌ನವರು ಇನ್ನೂ ಮಾಡಿ ಅಂತಿದ್ರು, ಮಾಡೋರೇ ಸಾಕು ಅಂದ್ರು. ರಾಣಿ ಡೆನೇರಿಸ್ ಊರು ಸುಡೋದು ತಪ್ಪಲ್ಲ. ಅವಳಲ್ಲಿ ಆ ಗುಣ ಮೊದಲಿಂದಲೂ ಇತ್ತು. ಆದ್ರೆ ಅಲ್ಲಿಗೆ ತಲುಪೋಕೆ ಹತ್ತು ಎಪಿಸೋಡ್ ಬೇಕಿತ್ತು, ಕೊಟ್ಟಿದ್ದು ಎರಡು. ಮೊದಲ ಸೀಸನ್ನಲ್ಲಿ ರಾಜ ಉತ್ತರಕ್ಕೆ ಬಂದು ಹೋಗೋಕೆ ತಿಂಗಳುಗಟ್ಟಲೆ ಹಿಡೀತಿತ್ತು. ಕೊನೇಲಿ ಬೇಕೆಂದಾಗ ಬೇಕೆಂದಲ್ಲಿ ಹಾಜರಾಗ್ತಾರೆ.

ಪಿಕ್ಸೆಲ್ ಪಾಂಡು

ಆ ರಾತ್ರಿ ಯುದ್ಧದ ಎಪಿಸೋಡ್! ನನ್ನ ಟೀವೀಲಿ ಬರೀ ಕತ್ತಲೆ. ಛಾಯಾಗ್ರಾಹಕರು ಆಮೇಲೆ ಹೇಳಿದ್ದು, ಚಿತ್ರೀಕರಣ ಸರಿಯಾಗಿದೆ, ಜನರ ಟೀವೀ ಸೆಟ್ಟಿಂಗ್ ಸರಿ ಇಲ್ಲ ಅಂತ. ಆ ಮಾತು ನನಗೆ ಒಪ್ಪಿಗೆ ಇಲ್ಲ. ಸ್ಟ್ರೀಮಿಂಗ್‌ನಲ್ಲಿ ವಿಡಿಯೋನ ಒತ್ತಿ ಚಿಕ್ಕದು ಮಾಡಿ ಕಳಿಸ್ತಾರೆ, ಕತ್ತಲೆ ಭಾಗದ ವಿವರವೇ ಮೊದಲು ಹೋಗೋದು. ಮನೆಯಲ್ಲಿ ನೋಡೋದಕ್ಕೇ ಮಾಡಿದ್ದು ಅಂದ ಮೇಲೆ ಮನೆ ಟೀವೀಲಿ ಕಾಣೋ ಹಾಗೆ ಬೆಳಕು ಇಡಬೇಕು. ಕತ್ತಲೆ ದೃಶ್ಯ ನೋಡೋರಿಗೆ ಒಂದು ಸಲಹೆ: ಟೀವೀ ಬೆಳಕಿನ ಮಟ್ಟ ತಾನಾಗೇ ಬದಲಾಗೋ ಆಯ್ಕೆ ಇದ್ರೆ ಆಫ್ ಮಾಡಿ, ಸಿನಿಮಾ ಮೋಡ್‌ಗೆ ಹಾಕಿ, ಕೋಣೆಯ ಲೈಟ್ ಆರಿಸಿ. ತಕ್ಕಮಟ್ಟಿಗೆ ಕಾಣುತ್ತೆ.

ಸೀರಿಯಲ್ ಸೊಸೆ

ನೀವೆಲ್ಲ ಎಂಟು ಎಪಿಸೋಡ್, ಹದಿನಾರು ಎಪಿಸೋಡ್ ಅಂತ ಜಗಳ ಆಡ್ತಿದ್ದೀರಿ. ನಮ್ಮ ಕನ್ನಡ ಧಾರಾವಾಹಿ ನೋಡೋರ ಪಾಡು ಕೇಳಿ. ಅಗ್ನಿಸಾಕ್ಷಿ 2013ರ ಕೊನೇಲಿ ಶುರುವಾಗಿ ಮುಗಿದಿದ್ದು 2020ರಲ್ಲಿ. ಶುರುವಾದಾಗ ಚಾನೆಲ್ ಹೆಸರು ಈಟೀವಿ ಕನ್ನಡ, ಮುಗಿಯುವಾಗ ಕಲರ್ಸ್ ಕನ್ನಡ. ಅದರ ಖಳನಾಯಕಿ ಚಂದ್ರಿಕಾ ಎಷ್ಟು ಸಲ ಸಿಕ್ಕಿಬೀಳೋ ಹಾಗೆ ಆಗಿ ತಪ್ಪಿಸ್ಕೊಂಡಳು ಅಂತ ನಮ್ಮತ್ತೆಯವರಿಗೆ ಬಾಯಿಪಾಠ. ಗುರುವಾರ ಟಿಆರ್‌ಪಿ ಬರುತ್ತೆ, ಅದನ್ನ ನೋಡಿ ಕಥೆ ಬೆಳೆಸೋದೋ ಮುಗಿಸೋದೋ ತೀರ್ಮಾನ. ಬರೆಯೋರ ಕೈಯಲ್ಲಿ ಏನಿರುತ್ತೆ ಹೇಳಿ?

ಆದ್ರೂ ಒಂದು ಮಾತು. ಆರು ವರ್ಷ ದಿನಾ ರಾತ್ರಿ ಮನೆಗೆ ಬಂದವರು ಅವರು. ಕೊನೆ ದಿನ ಅತ್ತೆ ಟೀವಿ ಆರಿಸಿ, ನಾಳೆಯಿಂದ ಎಂಟು ಗಂಟೆಗೆ ಏನು ಮಾಡೋದೇ ಅಂದ್ರು. ಎಂಟು ಎಪಿಸೋಡಿನ ಸರಣಿ ಮುಗಿದಾಗ ಯಾರಿಗೂ ಹಾಗನ್ನಿಸಿರಲ್ಲ.

ಧಾರವಾಡ ಪೇಢಾ

ಸೀರಿಯಲ್ ಸೊಸೆ ಅಕ್ಕಾ, ಮುಗಿದದ್ದರ ಮಾತಾತು. ಮುಗೀಲಾರದ್ದು? ಟಿ. ಎನ್. ಸೀತಾರಾಮ್ ಅವರ ಮಗಳು ಜಾನಕಿ 2020ರ ಲಾಕ್‌ಡೌನ್ ಹೊತ್ತಿನ್ಯಾಗ ಅರ್ಧಕ್ಕ ನಿಂತು ಹೋತು. ನಮ್ಮವ್ವ ಇನ್ನೂ ಕೇಳ್ತಾಳ, ಜಾನಕಿಗೆ ಅಪ್ಪ ಯಾರಂತ ಕಡೀಗೆ ಗೊತ್ತಾತೇನು ಅಂತ. ಕೋರ್ಟಿನ ದೃಶ್ಯ ಅಂದ್ರ ಅವರದs. ಮಾಯಾಮೃಗದ ಕಾಲದಿಂದ ನೋಡಿದವರಿಗೆ ಹಿಂಗ ಕೈಬಿಟ್ಟದ್ದು ಭಾಳ ಸಂಕಟ ಆತು. ಕೆಟ್ಟ ಅಂತ್ಯ ನಡೀತದ, ಬೈಕೊಂಡು ಸುಮ್ಮನಾಗಬಹುದು. ಅಂತ್ಯಾನೇ ಇಲ್ಲದ್ದು ನಡಿಯಂಗಿಲ್ಲ.

ಸೀರಿಯಲ್ ಸೊಸೆ

ಅಯ್ಯೋ, ಅದನ್ನ ನೆನಪಿಸಬೇಡಿ. ನಮ್ಮ ಮನೇಲೂ ಅದೇ ಪ್ರಶ್ನೆ.

ಒಂಟಿಕೊಪ್ಪಲ್ ಒಬ್ಬ

ಹಿಂದೀಲೂ ಅದೇ ಚಾಳಿ ಬಂದಿದೆ. ಫ್ಯಾಮಿಲಿ ಮ್ಯಾನ್ ಎರಡನೇ ಸೀಸನ್ 2021ರಲ್ಲಿ, ಮೂರನೇದು 2025ರ ನವೆಂಬರ್‌ನಲ್ಲಿ. ಅಷ್ಟು ಕಾಯಿಸಿ ಕಥೇನ ನಡುದಾರೀಲಿ ನಿಲ್ಲಿಸಿದ್ರು. ಸೀಸನ್ ಅಂದ್ಮೇಲೆ ಅದಕ್ಕೂ ಒಂದು ಮುಕ್ತಾಯ ಇರಬೇಕು. ಪಂಚಾಯತ್ ನಾಲ್ಕನೇ ಸೀಸನ್ ಎಲ್ಲರೂ ಬೈದ್ರು, ಆದ್ರೆ ಅದು ಚುನಾವಣೆಯಿಂದ ಶುರುವಾಗಿ ಫಲಿತಾಂಶಕ್ಕೆ ಮುಗೀತು. ಮಂಜುದೇವಿ ಸೋತು ಕ್ರಾಂತಿದೇವಿ ಗೆದ್ದಿದ್ದು ನನಗೆ ಇಷ್ಟ ಆಯ್ತು. ನಮ್ಮ ಪರವಾದವರು ಸೋಲಬಾರದು ಅಂತ ಯಾವ ಊರಲ್ಲೂ ಇಲ್ಲ.

ಮಲ್ನಾಡ್ ಮಳೆ

ಪಂಚಾಯತ್‌ನ ಊರು ಫುಲೇರಾದಲ್ಲಿ ಮೊದಲಿದ್ದ ಸೊಗಡೇ ಹೋಗಿದೆ. ಮೊದಲ ಸೀಸನ್ನಲ್ಲಿ ಒಂದು ಕುರ್ಚಿಗೆ, ಒಂದು ಸೋಲಾರ್ ದೀಪಕ್ಕೆ ಒಂದೊಂದು ಎಪಿಸೋಡ್ ಇತ್ತು. ಈಗ ಬರೀ ಎರಡು ಬಣದ ಜಗಳ.

ನ್ಯೂಜೆರ್ಸಿ ಕನ್ನಡಿಗ

ಸೆವೆರೆನ್ಸ್ ಎರಡನೇ ಸೀಸನ್ ಬಗ್ಗೆ ಯಾರೂ ಮಾತಾಡ್ತಿಲ್ಲ ಯಾಕೆ? ಮೂಲ ಪೋಸ್ಟ್‌ನವರು ಕಾಯಿಸೋದೇ ದೋಷ ಅಂತಾರೆ. ಇಲ್ಲಿಯೂ 2022ರ ಏಪ್ರಿಲ್‌ನಿಂದ 2025ರ ಜನವರಿವರೆಗೆ ಕಾಯಿಸಿದ್ರು. ಆದ್ರೂ ಮಾರ್ಚ್ 21ರ ಆ ಕೊನೆ ಎಪಿಸೋಡ್ ನಾನು ಕಂಡ ಅತ್ಯಂತ ಗಟ್ಟಿ ಸೀಸನ್ ಅಂತ್ಯ. ಆಫೀಸಿನ ನೆನಪು, ಹೊರಗಿನ ನೆನಪು ಎರಡನ್ನೂ ಬೇರೆ ಮಾಡಿಸ್ಕೊಂಡವರ ಕಥೆ ಇದು. ಒಬ್ಬನೇ ಮನುಷ್ಯನ ಎರಡು ಅರ್ಧ ಕ್ಯಾಮೆರಾದಲ್ಲಿ ವಿಡಿಯೋ ಮಾಡಿಟ್ಟು ಒಬ್ಬರಿಗೊಬ್ಬರು ಉತ್ತರ ಕೊಡ್ತಾರೆ. ಬಾಗಿಲು ದಾಟಿ ಹೊರಗೆ ಹೋದ್ರೆ ಒಬ್ಬ, ಒಳಗೆ ಬಂದ್ರೆ ಇನ್ನೊಬ್ಬ. ಮೊದಮೊದಲು ಸಭ್ಯವಾಗಿ ಮಾತಾಡ್ತಾರೆ. ಹೊರಗಿನವನು ಒಳಗಿನವನ ಪ್ರೇಯಸಿ ಹೆಲಿ ಹೆಸರನ್ನ ತಪ್ಪಾಗಿ ಹೇಳಿದ ಕ್ಷಣಕ್ಕೆ ಒಳಗಿನವನಿಗೆ ಅರ್ಥ ಆಗಿಹೋಗುತ್ತೆ, ತಾನು ಇವನಿಗೆ ಲೆಕ್ಕಕ್ಕೇ ಇಲ್ಲ ಅಂತ. ಆಡಂ ಸ್ಕಾಟ್ ಅದೊಂದು ದೃಶ್ಯದಲ್ಲಿ ಮಾಡಿದ ನಟನೆ ಸಾಕು.

ಕುಡ್ಲದ ಕೂಸು

ಆದ್ರೆ ಹೊರಗಿನವನ ಹೆಂಡತಿ ಜೆಮ್ಮಾ! ಅವಳು ಬಾಗಿಲ ಆಚೆ ನಿಂತು ಗಾಜಿಗೆ ಬಡಿದು ಬಡಿದು ಕೂಗುವಾಗ ಇವನು ತಿರುಗಿ ಹೆಲಿಯ ಕೈ ಹಿಡಿದುಕೊಂಡು ಓಡುವುದಾ? ನನಗೆ ಆ ದಿನ ಊಟ ಸೇರಲಿಲ್ಲ.

ನ್ಯೂಜೆರ್ಸಿ ಕನ್ನಡಿಗ

ಒಳಗಿನ ಮಾರ್ಕ್‌ಗೆ ಜೆಮ್ಮಾ ಯಾರು? ಅವನ ನೆನಪಲ್ಲಿ ಅವಳು ಬರೀ ಆಫೀಸಿನ ಒಬ್ಬ ಹೆಂಗಸು. ಅವನ ಇಡೀ ಬದುಕು ಆ ಬಿಳಿ ಕಾರಿಡಾರ್. ಬಾಗಿಲು ದಾಟಿದ್ರೆ ಅವನು ಸತ್ತ ಹಾಗೇ. ಅವನು ಓಡಿದ್ದು ಸರಿ.

ಕುಡ್ಲದ ಕೂಸು

ಸರಿ ಅಲ್ಲ. ನಿಮಗೆ ಅರ್ಥ ಆಗುವುದಿಲ್ಲ.

ಸೀರಿಯಲ್ ಸೊಸೆ

ಇಬ್ಬರು ಹೆಂಡಿರ ಕಥೆ ಅಂತ ನಮ್ಮ ಧಾರಾವಾಹಿಯನ್ನ ಬೈತೀರಲ್ಲ, ಇದು ಬೇರೆ ಏನು?

ತಡರಾತ್ರಿ ವೀಕ್ಷಕ

@ನ್ಯೂಜೆರ್ಸಿ ಕನ್ನಡಿಗ, ಸೆವೆರೆನ್ಸ್ ಇನ್ನೂ ಮುಗಿದಿಲ್ಲ, ಮೂರನೇ ಸೀಸನ್ ಬರಬೇಕು. ಅದನ್ನ ಈಗಲೇ ತೂಗೋಕಾಗಲ್ಲ. ಕಾಯಿಸೋದು ಅಲ್ಲಿ ಕಮ್ಮಿ ಕಾಡಿದ್ದಕ್ಕೆ ಇನ್ನೊಂದು ಕಾರಣ, ಅದು ಬೆಳೆಯೋ ಮಕ್ಕಳ ಕಥೆ ಅಲ್ಲ.

ಇನ್ನೊಂದು ಹೆಸರು ಬಿಟ್ಟೋಗಿತ್ತು, ಅಪ್ಪನ ಕಂಪನಿಗಾಗಿ ಮಕ್ಕಳು ಕಿತ್ತಾಡೋ ಸಕ್ಸೆಷನ್. ನಾಲ್ಕನೇ ಸೀಸನ್ನೇ ಕೊನೆ ಅಂತ ಅದನ್ನ ಬರೆದ ಜೆಸ್ಸಿ ಆರ್ಮ್‌ಸ್ಟ್ರಾಂಗ್ ಪ್ರಸಾರಕ್ಕೆ ಮೊದಲೇ ಹೇಳಿದ್ರು. ಅಪ್ಪನನ್ನ ಮೂರನೇ ಎಪಿಸೋಡಲ್ಲೇ ಸಾಯಿಸಿದ್ರು. ಬೇರೆಯವರಾಗಿದ್ರೆ ಆ ಸಾವನ್ನ ಕೊನೆವರೆಗೆ ಎಳೀತಿದ್ರು. ಇವರಿಗೆ ಜಾಗದ ಲೆಕ್ಕ ಗೊತ್ತಿತ್ತು, ಅದಕ್ಕೇ ಅಪ್ಪ ಹೋದ ಮೇಲೆ ಮಕ್ಕಳು ಏನಾಗ್ತಾರೆ ಅಂತ ತೋರಿಸೋಕೆ ಏಳು ಎಪಿಸೋಡ್ ಸಿಕ್ತು. ಕೊನೇಲಿ ಕಾರಿನ ಹಿಂದಿನ ಸೀಟಲ್ಲಿ ಅಳಿಯ ಟಾಮ್ ಅಂಗೈ ಚಾಚ್ತಾನೆ, ಮಗಳು ಶಿವ್ ತನ್ನ ಕೈಯನ್ನ ಅದರ ಮೇಲೆ ಸುಮ್ಮನೆ ಇಡ್ತಾಳೆ. ಇಬ್ಬರೂ ಬೆರಳು ಮಡಚಲ್ಲ. ಆ ಮದುವೆ ಏನಾಯ್ತು, ಆ ಕಂಪನಿ ಯಾರದ್ದಾಯ್ತು, ಎಲ್ಲ ಅಲ್ಲೇ ಇದೆ.

ಕಪ್ಪು ಬಿಳುಪು

ಸ್ಟಾರ್ ವಾರ್ಸ್ ಸರಣಿ ಆಂಡೊರ್ ಕೂಡ ಸೇರಿಸಿ. ಐದು ಸೀಸನ್ ಅಂತ ಯೋಚಿಸಿದ್ದನ್ನ ಅದನ್ನ ಮಾಡಿದ ಟೋನಿ ಗಿಲ್‌ರಾಯ್ ಎರಡಕ್ಕೆ ಇಳಿಸಿದ್ರು. ಎರಡನೇದರಲ್ಲಿ ಮೂರು ಮೂರು ಎಪಿಸೋಡಿಗೆ ಒಂದೊಂದು ವರ್ಷ, ಒಟ್ಟು ಹನ್ನೆರಡು. ವಾರಕ್ಕೆ ಮೂರರ ಹಾಗೆ 2025ರ ಮೇನಲ್ಲಿ ಮುಗಿಸಿದ್ರು. ಘೋರ್ಮನ್ ಚೌಕದ ಹತ್ಯಾಕಾಂಡ, ಅದರ ಬೆನ್ನಿಗೇ ಸೆನೆಟ್‌ನಲ್ಲಿ ಮಾನ್ ಮಾಥ್ಮಾ ಭಾಷಣ. ಸ್ಟಾರ್ ವಾರ್ಸ್ ಅಂದ್ರೆ ಮಕ್ಕಳದ್ದು ಅನ್ನೋರಿಗೆ ಅವೆರಡು ಎಪಿಸೋಡ್ ತೋರಿಸಿ.

ಪಿಕ್ಸೆಲ್ ಪಾಂಡು

ಕೆಟ್ಟದ್ದರ ಪಟ್ಟಿಗೆ ನನ್ನದು ಸರಣಿ ಕೊಲೆಗಾರನ ಕಥೆ ಡೆಕ್ಸ್‌ಟರ್. 2013ರಲ್ಲಿ ಅವನನ್ನ ಮರ ಕಡಿಯೋನನ್ನಾಗಿ ಮಾಡಿ ಮುಗಿಸಿದ್ರು. 2022ರ ಜನವರಿಯಲ್ಲಿ ಮಗನ ಕೈಯಲ್ಲೇ ಗುಂಡು ಹಾರಿಸಿ ಮುಗಿಸಿದ್ರು. 2025ರಲ್ಲಿ ಆಸ್ಪತ್ರೆಯಿಂದ ಎಬ್ಬಿಸಿ ಕೂರಿಸಿದ್ರು. ಇನ್ನು ಮುಂದೆ ಅವನು ಸತ್ರೂ ನನಗೆ ಕಣ್ಣೀರು ಬರಲ್ಲ.

ಹಾವೇರಿ ಹುಡುಗ

ಸ್ಕ್ವಿಡ್ ಗೇಮ್ ಮೂರನೇ ಸೀಸನ್ನೂ ಅಷ್ಟೆ. ನಾಯಕ ಗಿ-ಹುನ್ ಮಗೂಗೋಸ್ಕರ ಪ್ರಾಣ ಬಿಟ್ಟಿದ್ದು ಸರಿ ಇತ್ತು, ಅಲ್ಲಿಗೆ ಮುಗಿಸಬೇಕಿತ್ತು. ಲಾಸ್ ಏಂಜಲೀಸ್ ಬೀದೀಲಿ ನಟಿ ಕೇಟ್ ಬ್ಲಾಂಚೆಟ್‌ನ ತಂದು ನಿಲ್ಲಿಸಿ ಅಮೆರಿಕಾದಲ್ಲೂ ಆ ಸಾವಿನ ಆಟ ಇದೆ ಅಂತ ತೋರಿಸಿದ್ಮೇಲೆ ಅವನ ತ್ಯಾಗದ ಬೆಲೆ ಅರ್ಧ ಆಯ್ತು.

ನಮ್ಮೂರ ಕಡೆ ಫಿನಾಲೆ ಅಂದ್ರೆ ಒಂದೇ, ಬಿಗ್ ಬಾಸ್ ಕನ್ನಡ ಹನ್ನೊಂದು. ಹನುಮಂತ ವೈಲ್ಡ್ ಕಾರ್ಡಲ್ಲಿ ಒಳಗೆ ಹೋಗಿ ಗೆದ್ದು ಬಂದ. ಯಾವ ಬರಹಗಾರನೂ ಅದನ್ನ ಮೊದಲೇ ಬರೆದಿರೋಕೆ ಸಾಧ್ಯ ಇರಲಿಲ್ಲ.

ಒಂಟಿಕೊಪ್ಪಲ್ ಒಬ್ಬ

ಬಿಗ್ ಬಾಸ್‌ಗೆ ಬೇರೆ ಚರ್ಚೆ ಶುರು ಮಾಡಿ ಗುರು, ಇಲ್ಲಿ ಬಂದ್ರೆ ನಾಳೆ ಬೆಳಗ್ಗೆವರೆಗೂ ಮುಗಿಯಲ್ಲ.

ಸೀರಿಯಲ್ ಸೊಸೆ

ಆಂಡೊರ್ ಬಗ್ಗೆ ಇಷ್ಟು ಹೇಳ್ತಿದ್ದೀರಿ. ನಾನು ಸ್ಟಾರ್ ವಾರ್ಸ್ ಒಂದೂ ನೋಡಿಲ್ಲ. ಅರ್ಥ ಆಗುತ್ತಾ?

ಕಪ್ಪು ಬಿಳುಪು

ಖಂಡಿತ ಆಗುತ್ತೆ ಮೇಡಂ. ಮೊದಲ ಸೀಸನ್ನಲ್ಲಿ ಎರಡು ಎಪಿಸೋಡ್ ನಿಧಾನ, ಮೂರನೇದರವರೆಗೆ ಬಿಡಬೇಡಿ. ಎರಡೂ ಸೀಸನ್ ಆದ್ಮೇಲೆ 2016ರ ರೋಗ್ ಒನ್ ಸಿನಿಮಾ ಹಾಕಿ. ಸರಣಿ ನಿಂತಲ್ಲಿಂದಲೇ ಅದು ಶುರುವಾಗುತ್ತೆ. ಮೊದಲು ಸಿನಿಮಾ ನೋಡಬೇಡಿ.

ಧಾರವಾಡ ಪೇಢಾ

ನಾ ಸಿನಿಮಾ ಮೊದಲ ನೋಡಿದ್ದೆ, ಆದ್ರೂ ಏನೂ ಕೆಡಲಿಲ್ಲ. ನಾಯಕ ಕ್ಯಾಸಿಯನ್ ಗತಿ ಏನಾಗ್ತದಂತ ಗೊತ್ತಿದ್ದು ನೋಡಿದ್ರ ಇನ್ನೂ ಜೀವ ಹಿಂಡ್ತದ. ಹ್ಯಾಂಗರ ನೋಡ್ರಿ ಅಕ್ಕಾ, ನೋಡಿದ ಮ್ಯಾಲೆ ಇಲ್ಲೇ ಬಂದು ಬರೀರಿ.